ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ಅವರನ್ನು ನಾವು ಸರಿಯಾಗಿ ನೋಡಿದ್ದೇವಾ?

ತೆಂಗಿನತೋಟ

ನಮ್ಮ ಮನೆಯಲ್ಲಿ ಅಮ್ಮ ಉಮಾಶ್ರೀ ಅವರ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡಿದವರು. ಮೊನ್ನೆ ಊರಿಂದ ಚಿಕ್ಕಪ್ಪನ ಮಗಳು ಬಂದಿದ್ದಳು, ಪಿಯುಸಿ ಓದುತ್ತಿದ್ದಾಳೆ. ಅಮ್ಮ ಹಳೇ ಎಪಿಸೋಡು ಹಾಕಿಕೊಂಡು ಕೂತಿದ್ದಾಗ ಅವಳು ಕೇಳಿದಳು: “ಅಣ್ಣ, ಇವರು ಮೊದಲು ಕಾಮಿಡಿ ಮಾಡ್ತಿದ್ರಂತೆ, ಆಮೇಲೆ ಸೀರಿಯಸ್ ಆದ್ರಂತೆ, ಹೌದಾ?” ನಾನು ಯೋಚನೆ ಮಾಡದೆ ಹೌದು ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅದು ತಪ್ಪು ಉತ್ತರ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಉಮಾಶ್ರೀ ನಮ್ಮ ಕಡೆಯವರೇ. ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಸಿನಿಮಾದಲ್ಲಿ ಹೆಸರು ಬರುವ ಮೊದಲೇ ರಂಗಭೂಮಿಯಲ್ಲಿ ಅವರ ಹೆಸರು ಗಟ್ಟಿಯಾಗಿತ್ತು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ಅವರು ನಾಟಕ ಮಾಡಿದಾಗ ಸಾಕವ್ವ ಆದದ್ದು ಇವರೇ. ಸಾಕವ್ವ ಹಣ್ಣು ಹಣ್ಣು ಮುದುಕಿ. ಇವರಿಗೆ ಆಗ ಚಿಕ್ಕ ವಯಸ್ಸು.

ಆಮೇಲೆ 1984ರಲ್ಲಿ ಕಾಶಿನಾಥ್ ಅವರ ‘ಅನುಭವ’ ಬಂತು. ಅಲ್ಲಿಂದ ಚಿತ್ರರಂಗ ಇವರನ್ನು ಹಾಸ್ಯಕ್ಕೆ ಹಿಡಿದು ಕಟ್ಟಿಹಾಕಿತು. ಎನ್.ಎಸ್. ರಾವ್ ಅವರ ಜೊತೆ ಜೋಡಿ, ಬಾಯಿಬಡುಕಿ ಹೆಂಡತಿ, ಗಂಡಸರ ಹಿಂದೆ ಬೀಳುವ ಹೆಂಗಸು, ಇಂಥವೇ ಪಾತ್ರಗಳು ವರ್ಷಗಟ್ಟಲೆ. ನಡುವೆ ಅಲ್ಲೊಂದು ಇಲ್ಲೊಂದು ಬಾಗಿಲು ತೆರೆಯಿತು. 1994ರ ‘ಕೊಟ್ರೇಶಿ ಕನಸು’, 1995ರ ‘ಪುಟ್ನಂಜ’, 2008ರ ‘ಗುಲಾಬಿ ಟಾಕೀಸ್’. ಗುಲಾಬಿಗೆ ರಾಷ್ಟ್ರಪ್ರಶಸ್ತಿ ಬಂತು. ಆಗ ಎಲ್ಲರೂ “ಅಯ್ಯೋ, ಇವರಿಗೆ ಇಷ್ಟು ಚೆನ್ನಾಗಿ ನಟನೆ ಬರುತ್ತಾ” ಅಂದರು.

ಬರುತ್ತಾ ಅಂದರೆ? ಮೊದಲಿಂದಲೂ ಬರುತ್ತಿತ್ತು. ಅವರು ಬದಲಾಗಲೇ ಇಲ್ಲ, ನಮಗೆ ಕಾಣಿಸಲು ಇಷ್ಟು ವರ್ಷ ಬೇಕಾಯಿತು. ಚಿಕ್ಕಪ್ಪನ ಮಗಳಿಗೆ ನಾನು ಹೇಳಬೇಕಿದ್ದದ್ದು ಇದನ್ನೇ. ನೀವೇನು ಹೇಳುತ್ತೀರಿ?

ಮೂರನೇ ಬೆಲ್

ನಾನು ‘ಒಡಲಾಳ’ವನ್ನು ನಮ್ಮ ತಂದೆಯ ಜೊತೆ ಕೂತು ನೋಡಿದ್ದೇನೆ. ಹೈಸ್ಕೂಲಿನಲ್ಲಿದ್ದೆ. ಕಥೆ ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. ಕಳೆದುಹೋದ ಹುಂಜಕ್ಕಾಗಿ ಸಾಕವ್ವ ಊರಿಗೆಲ್ಲ ಶಾಪ ಹಾಕುತ್ತಾ ತಿರುಗುವುದು ಮಾತ್ರ ಇವತ್ತಿಗೂ ಕಣ್ಣ ಮುಂದಿದೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ಕದ್ದು ತಂದ ಕಡ್ಲೆಕಾಯಿ ತಿನ್ನುವ ಭಾಗ ಇದೆಯಲ್ಲ, ಅಲ್ಲಿ ಸಭಾಂಗಣದಲ್ಲಿ ಒಂದು ಸದ್ದಿರಲಿಲ್ಲ.

ನಾಟಕ ಮುಗಿದ ಮೇಲೆ ಪಾತ್ರಧಾರಿಗಳ ಪರಿಚಯ ಮಾಡಿಸುತ್ತಾರಲ್ಲ, ಆಗ ಸಾಕವ್ವ ಮುಂದೆ ಬಂದು ಬೆನ್ನು ನೆಟ್ಟಗೆ ಮಾಡಿದರು. ನನ್ನ ಪಕ್ಕದ ಸಾಲಿನ ಹೆಂಗಸೊಬ್ಬರು “ಅಯ್ಯೋ, ಹುಡುಗಿ ಕಣ್ರೀ” ಅಂದರು. ಅಲ್ಲಿಯವರೆಗೆ ನಾನೂ ಯಾರೋ ವಯಸ್ಸಾದ ಕಲಾವಿದೆ ಅಂದುಕೊಂಡಿದ್ದೆ.

ಒಂದು ಮಾತು ಸೇರಿಸಬೇಕು. ಸಾಕವ್ವನ ಮಾತು ನಂಜನಗೂಡು ಕಡೆಯದು. ತುಮಕೂರು ಜಿಲ್ಲೆಯ ಮಾತಿಗೂ ಅದಕ್ಕೂ ಎಷ್ಟು ದೂರ ಅಂತ ಹಳೇ ಮೈಸೂರಿನವರಿಗೆ ಗೊತ್ತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಪದ ಎಳೆಯಬೇಕು ಅನ್ನುವುದನ್ನು ಕಿವಿ ಇರುವವರು ಮಾತ್ರ ಹಿಡಿಯಲು ಸಾಧ್ಯ. ಮುಂದೆ ಕಾಮಿಡಿಯಲ್ಲಿ ಅವರ ಟೈಮಿಂಗ್ ಅಂತ ನಾವು ಹೊಗಳಿದ್ದು ಆ ಕಿವಿಯನ್ನೇ. ಹಾಗಾಗಿ ತೆಂಗಿನತೋಟದವರ ಮಾತು ನನಗೆ ಪೂರ್ತಿ ಒಪ್ಪಿಗೆ.

ಸಂಜೆಮಲ್ಲಿಗೆ

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬೆಳೆದದ್ದು ಎಂಬತ್ತು, ತೊಂಬತ್ತರ ದಶಕದಲ್ಲಿ. ಭಾನುವಾರ ಸಂಜೆ ಟಿವಿಯಲ್ಲಿ ಕನ್ನಡ ಸಿನಿಮಾ. ಅಪ್ಪ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಒಂದೇ ಕೋಣೆಯಲ್ಲಿ. ಉಮಾಶ್ರೀ ಅವರ ಕಾಮಿಡಿ ಸೀನ್ ಬಂದರೆ ನಾನು ನೀರು ಕುಡಿಯುವ ನೆಪ ಹೇಳಿ ಒಳಗೆ ಹೋಗುತ್ತಿದ್ದೆ. ಡಬಲ್ ಮೀನಿಂಗ್ ಮಾತು, ಕ್ಯಾಮೆರಾ ಇಡುತ್ತಿದ್ದ ಜಾಗ, ಹಿಂದೆ ಬರುತ್ತಿದ್ದ ಆ ಸದ್ದು. ಹದಿಮೂರು ವರ್ಷದ ಹುಡುಗಿಗೆ ಅದು ನಾಚಿಕೆಯಾಗುವ ವಿಷಯವೇ. ಈಗ ರಾಷ್ಟ್ರಪ್ರಶಸ್ತಿ ಬಂದಿದೆ ಅಂತ ಆ ಕಾಲವನ್ನೆಲ್ಲ ‘ಟೈಮಿಂಗ್’ ಅಂತ ಕರೆದು ಚೆಂದ ಮಾಡಬೇಡಿ.

ಆದರೆ ವಯಸ್ಸಾದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಆ ಮಾತುಗಳನ್ನು ಬರೆದವರು ಗಂಡಸರು. ಎದುರು ನಿಂತು ಹೇಳಿದವರು ಗಂಡಸರು. ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರೂ ಹೆಚ್ಚಿನವರು ಅವರೇ. ಹೆಸರು ಕೆಟ್ಟದ್ದು ಮಾತ್ರ ಆ ಒಬ್ಬ ಹೆಂಗಸಿನದ್ದು. ಆ ಹಾಸ್ಯ ನಟರನ್ನು ಯಾರೂ “ನೀವು ಯಾವಾಗ ಸೀರಿಯಸ್ ಆದಿರಿ” ಅಂತ ಕೇಳಲಿಲ್ಲ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಿತ್ತು ಅಂತ ಉಮಾಶ್ರೀ ಅವರೇ ಹೇಳಿಕೊಂಡಿದ್ದಾರೆ. ಮನೆ ಬಾಡಿಗೆ, ಶಾಲೆ ಫೀಸು ಕಟ್ಟಬೇಕಾದ ತಾಯಿ ಬಂದ ಪಾತ್ರ ಬೇಡ ಅನ್ನಬೇಕಿತ್ತು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಪಾತ್ರಗಳು ಒಳ್ಳೆಯವು ಅಂತ ಹೇಳಲೂ ಬರುವುದಿಲ್ಲ.

ತೆಂಗಿನತೋಟ

ಸಂಜೆಮಲ್ಲಿಗೆ ಅಕ್ಕ, ಬೇಜಾರೇನಿಲ್ಲ. ನೀವು ಹೇಳಿದ್ದು ಸರಿ. ನಾನು ಆ ಭಾಗವನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟೆ. ಗಂಡುಮಕ್ಕಳಿಗೆ ಆ ಕೋಣೆಯಿಂದ ಎದ್ದು ಹೋಗುವ ಪರಿಸ್ಥಿತಿ ಬರಲಿಲ್ಲ, ಹಾಗಾಗಿ ನೆನಪಿನಲ್ಲೂ ಇಲ್ಲ.

‘ಪುಟ್ನಂಜ’ದ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಉಮಾಶ್ರೀ ಮಾಡಿದ ಪುಟ್ಮಲ್ಲಿ ಆ ಸಿನಿಮಾದ ಅಜ್ಜಿ, ರವಿಚಂದ್ರನ್ ಮೊಮ್ಮಗ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ ಅಜ್ಜಿ ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡವರು! ಥಿಯೇಟರಿನಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ನಮ್ಮ ಅಜ್ಜಿ “ಈ ಮುದುಕಿ ನಮ್ಮೂರಿನ ಯಾರ ಥರ ಇದಾಳೆ” ಅಂತ ನೆನಪು ಮಾಡಿಕೊಳ್ಳುತ್ತಿದ್ದರು. ಆ ಅಜ್ಜಿಗೂ ನಗಿಸುವ ಕೆಲಸವಿತ್ತು. ಆದರೆ ಅಲ್ಲಿ ಅಜ್ಜಿಯನ್ನು ನೋಡಿ ನಗಲಿಲ್ಲ, ಅಜ್ಜಿಯ ಜೊತೆ ನಕ್ಕೆವು. ಸಾಕವ್ವನನ್ನು ನೋಡದ ನನ್ನಂಥವರಿಗೆ ಸಾಕವ್ವನ ನೆರಳು ಸಿಕ್ಕಿದ್ದು ಅಲ್ಲೇ ಇರಬೇಕು.

ಕಡಲತಡಿ

ನಾನು ಕುಂದಾಪುರ ಕಡೆಯವಳು. ಗುಲಾಬಿಯ ಬಗ್ಗೆ ನಾಲ್ಕು ಮಾತು ನಾನೇ ಹೇಳಬೇಕು ಮಾರಾಯ್ರೆ.

ಕಥೆ ವೈದೇಹಿಯವರದ್ದು, ಸಿನಿಮಾ ಗಿರೀಶ್ ಕಾಸರವಳ್ಳಿಯವರದ್ದು. ಗುಲಾಬಿ ಸೂಲಗಿತ್ತಿ. ಮುಸ್ಲಿಂ ಹೆಂಗಸು, ಮೀನುಗಾರರ ನಡುವೆ ಒಬ್ಬಳೇ ಇರುತ್ತಾಳೆ. ಗಂಡ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಅವಳಿಗೆ ಸಿನಿಮಾ ಹುಚ್ಚು. ಹೆರಿಗೆಗೆ ಕರೆಯಲು ಬಂದರೆ ಟಾಕೀಸು ಬಿಟ್ಟು ಏಳುವುದಿಲ್ಲ. ಕೊನೆಗೆ ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರಿಂದ ಒಂದು ಕಲರ್ ಟಿವಿ, ಡಿಶ್ ಸಿಗುತ್ತದೆ. ಊರ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಕೆಲವರು ಒಳಗೆ ಬಾರದೆ ಹೊರಗಿಂದಲೇ ಇಣುಕುತ್ತಾರೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೋಡುವವರಿಗೆ ತಿಳಿಯುತ್ತದೆ. ಕಾರ್ಗಿಲ್ ಯುದ್ಧದ ಸಮಯ ಅದು. ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನವರಿಗೂ ಜಗಳ ಬೇರೆ. ಊರು ನಿಧಾನಕ್ಕೆ ಒಡೆಯುತ್ತದೆ.

ಉಮಾಶ್ರೀ ಅವರ ಬಾಯಲ್ಲಿ ನಮ್ಮ ಭಾಷೆ ನೂರಕ್ಕೆ ನೂರು ನಮ್ಮದಾಗಿ ಕೇಳಲಿಲ್ಲ. ಅಲ್ಲಲ್ಲಿ ನನ್ನ ಕಿವಿಗೆ ತಟ್ಟಿತು. ಆದರೆ ದೇಹ? ಅವರು ಮೆಟ್ಟಿಲ ಮೇಲೆ ಕೂರುವ ರೀತಿ, ತಲೆ ಮೇಲಿನ ಬಟ್ಟೆಯನ್ನು ಸರಿ ಮಾಡಿಕೊಳ್ಳುವ ಕೈ, ಪರದೆ ನೋಡುವಾಗ ಬಾಯಿ ಸ್ವಲ್ಪ ತೆರೆದುಕೊಳ್ಳುವುದು. ನಮ್ಮ ಮನೆಗೆ ಬಾಣಂತಿಯರನ್ನು ನೋಡಲು ಬರುತ್ತಿದ್ದ ಒಬ್ಬರು ಹಾಗೇ ಇದ್ದರು. ಅವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಸಿನಿಮಾ ನೋಡುವಾಗ ನನಗೆ ಅಳು ಬಂದದ್ದು ಗುಲಾಬಿಗೋ ಅವರಿಗೋ ಗೊತ್ತಿಲ್ಲ.

ಇನ್ನೊಂದು. ಆ ಸಿನಿಮಾದಲ್ಲಿ ಅವರು ಜೋರಾಗಿ ಅಳುವುದು ಕಡಿಮೆ. ಜನ ಅದನ್ನು ಗಮನಿಸುವುದಿಲ್ಲ. ಅಷ್ಟು ವರ್ಷ ಜೋರು ದನಿಯಲ್ಲಿ ಮಾಡಿದವರು ಒಮ್ಮೆಗೇ ದನಿ ಇಳಿಸಿ ನಿಲ್ಲುವುದು ಸುಮ್ನೆ ಮಾತಲ್ಲ.

ಮೂರನೇ ಬೆಲ್

ಕಡಲತಡಿ, ಎಷ್ಟು ಚೆನ್ನಾಗಿ ಹೇಳಿದಿರಿ. ಕನ್ನಡ ಸಿನಿಮಾದ ನಟನೆಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಮೊದಲು ಬಂದದ್ದು ನಂದಿನಿ ಭಕ್ತವತ್ಸಲ ಅವರಿಗೆ, 1973ರ ‘ಕಾಡು’ ಚಿತ್ರಕ್ಕೆ. ಆಮೇಲೆ ಮೂವತ್ತು ವರ್ಷ ಯಾರಿಗೂ ಇಲ್ಲ. 2004ರ ‘ಹಸೀನಾ’ಗೆ ತಾರಾ ಅವರಿಗೆ ಬಂತು, 2008ರದ್ದು ಉಮಾಶ್ರೀ ಅವರಿಗೆ. ‘ಹಸೀನಾ’ ಕೂಡ ಕಾಸರವಳ್ಳಿಯವರದ್ದೇ. ತಾರಾ ಅವರೂ ಕಮರ್ಷಿಯಲ್ ಸಿನಿಮಾದಲ್ಲಿ ತಂಗಿ, ಗೆಳತಿ ಅಂತ ಪಾತ್ರ ಮಾಡಿಕೊಂಡು ಬಂದವರು. ಇಬ್ಬರೂ ನಮ್ಮ ಕಣ್ಣೆದುರಿಗೇ ಇದ್ದರು. ಅವರನ್ನು ಕರೆದು ಇಡೀ ಸಿನಿಮಾ ಹೊರಿಸಲು ಒಬ್ಬ ನಿರ್ದೇಶಕ ಬೇಕಾಯಿತು.

ಹಾಗೇ ‘ಕೊಟ್ರೇಶಿ ಕನಸು’ ಮರೆಯಬೇಡಿ. ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ, ಕುಂ. ವೀರಭದ್ರಪ್ಪ ಅವರ ಕಥೆ. ಹುಡುಗನ ಪಾತ್ರಕ್ಕೆ ವಿಜಯ್ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು, ಎಲ್ಲರಿಗೂ ಅದೇ ನೆನಪು. ಆ ಹುಡುಗನ ತಾಯಿಯಾಗಿ ಉಮಾಶ್ರೀ ಏನು ಮಾಡಿದ್ದಾರೆ ಅಂತ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಕರಿಬಸವಯ್ಯ. ಇಬ್ಬರೂ ನಾಟಕದವರು. ಕ್ಯಾಮೆರಾ ಅವರಿಬ್ಬರ ಮೇಲೆ ಇಲ್ಲದಾಗಲೂ ಅವರು ಸುಮ್ಮನಿರುವುದಿಲ್ಲ.

ಮಗ್ಗದಮನೆ

ನಮ್ಮದು ಬನಹಟ್ಟಿ ರೀ. ತೇರದಾಳ ಕ್ಷೇತ್ರ. ಉಮಾಶ್ರೀಯವರು ನಮ್ಮಲ್ಲಿ 2008ರಾಗ ನಿಂತು ಸೋತರು, 2013ರಾಗ ಗೆದ್ದರು, 2018ರಾಗ ಮತ್ತೆ ಸೋತರು. ಗೆದ್ದ ಮೇಲೆ ಐದು ವರ್ಷ ಮಂತ್ರಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅವರ ಕೈಯಾಗಿತ್ತು, ಕನ್ನಡ ಮತ್ತು ಸಂಸ್ಕೃತಿನೂ ಇತ್ತು. 2023ರಾಗ ವಿಧಾನ ಪರಿಷತ್ತಿಗೆ ಹೋದರು.

ಅವರ ರಾಜಕಾರಣದ ಬಗ್ಗೆ ನಮ್ಮ ಓಣಿಯಾಗ ಎರಡು ಮಾತು ಅದಾವ, ಅದು ಇಲ್ಲಿ ಬೇಡ. ನಾ ಹೇಳಬೇಕಂದದ್ದು ಬೇರೆ. ರಾಷ್ಟ್ರಪ್ರಶಸ್ತಿ ಬಂದ ಮೇಲೆ ಅವರಿಗೆ ಒಳ್ಳೊಳ್ಳೆ ಪಾತ್ರ ಸಾಲಾಗಿ ಬರಬೇಕಿತ್ತು. ಬಂದವೇನು? ನನಗ ಹಾಗೆ ಅನ್ನಿಸೂದಿಲ್ಲ. ಐವತ್ತು ದಾಟಿದ ಹೆಣ್ಣುಮಗಳ ಸುತ್ತ ಕಥಿ ಬರೆಯೋರು ಎಷ್ಟು ಮಂದಿ ಇದ್ದಾರೆ? ರಾಜಕಾರಣ ಅವರ ನಟನೆಯ ವರ್ಷ ತಿಂತು ಅಂತ ಬೆಂಗಳೂರಿನವರು ಬೇಜಾರು ಮಾಡಿಕೊಳ್ಳತಾರ. ಆ ವರ್ಷದಾಗ ಅವರಿಗೆ ಕೊಡಾಕ ನಿಮ್ಮ ಹತ್ತಿರ ಏನು ಇತ್ತು ಅಂತ ನಾ ಕೇಳತೀನಿ.

ಕ್ಲ್ಯಾಪ್‌ಬೋರ್ಡ್

ಮಗ್ಗದಮನೆಯವರ ಪ್ರಶ್ನೆಗೆ ಉತ್ತರ ಕಿರುತೆರೆಯಲ್ಲಿ ಸಿಕ್ಕಿತು ಅಂತ ನಾನು ನಂಬುತ್ತೇನೆ. ನಾನು ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕನಾಗಿ ಕೆಲಸ ಮಾಡಿದವನು. ‘ಪುಟ್ಟಕ್ಕನ ಮಕ್ಕಳು’ ಸೆಟ್‌ನಲ್ಲಲ್ಲ, ಬೇರೆ ಕಡೆ.

ಸಾಮಾನ್ಯವಾಗಿ ಹಿರಿಯ ಕಲಾವಿದೆಯರ ಗತಿ ಹೀಗೆ. ತಿಂಗಳಿಗೆ ಕೆಲವೇ ದಿನ ಡೇಟ್ಸ್ ತೆಗೆದುಕೊಳ್ಳುತ್ತೇವೆ. ಬಂದ ದಿನ ಅವರ ಸೀನ್‌ಗಳನ್ನೆಲ್ಲ ಗುಡ್ಡೆ ಹಾಕಿ ಮುಗಿಸುತ್ತೇವೆ. ಪಾತ್ರ ಅಂದರೆ ಪೂಜೆ ಮಾಡುವ ಅತ್ತೆ, ಅಳುವ ತಾಯಿ, ಇಲ್ಲವೇ ಸೋಫಾ ಮೇಲೆ ಕೂತು ಸಂಚು ಮಾಡುವ ದೊಡ್ಡಮ್ಮ. ಅವರದ್ದು ಹೆಚ್ಚಿನ ಸಲ ರಿಯಾಕ್ಷನ್ ಶಾಟ್. ನಾಯಕಿ ಮಾತಾಡುತ್ತಾಳೆ, ಇವರು ಕಣ್ಣು ಅಗಲಿಸಬೇಕು. ರಂಗಭೂಮಿಯಲ್ಲಿ ದೊಡ್ಡ ಹೆಸರು ಮಾಡಿದ ಒಬ್ಬರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು “ಇವತ್ತಾದ್ರೂ ನನಗೆ ಒಂದು ಪೂರ್ತಿ ವಾಕ್ಯ ಇದೆಯಾ ಮಗಾ?” ಅಂತ ಕೇಳಿದ್ದರು. ಇರಲಿಲ್ಲ. ನನಗೆ ಅದು ಈಗಲೂ ನೋವು ಕೊಡುತ್ತದೆ.

ಅಂಥ ಜಾಗದಲ್ಲಿ 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರೂರು ಜಗದೀಶ್ ನಿರ್ದೇಶನದ ಈ ಧಾರಾವಾಹಿ ಶುರುವಾಯಿತು. ಹೆಸರೇ ಪುಟ್ಟಕ್ಕನದ್ದು. ಗಂಡುಮಗು ಹೆರಲಿಲ್ಲ ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಉಮಾಶ್ರೀ ಅವರಿಗೆ ಆಗ ಅರವತ್ತನಾಲ್ಕು ವರ್ಷ. ಅರವತ್ತನಾಲ್ಕರಲ್ಲಿ ದಿನದ ಧಾರಾವಾಹಿಯ ಮುಖ್ಯ ಪಾತ್ರ! ಗುರುವಾರ ಟಿಆರ್‌ಪಿ ಪಟ್ಟಿ ಬಂದಾಗ ಇದೇ ಮೇಲಿರುತ್ತಿತ್ತು. ನಮ್ಮ ಆಫೀಸಿನಲ್ಲಿ ಅಲ್ಲಿಯವರೆಗೆ “ಅಮ್ಮನ ಟ್ರ್ಯಾಕ್ ಓಡಲ್ಲ, ಲವ್ ಟ್ರ್ಯಾಕ್ ತನ್ನಿ” ಅನ್ನುತ್ತಿದ್ದವರು ಸುಮ್ಮನಾದರು.

ಕೆಲಸದ ಕಷ್ಟವನ್ನೂ ಹೇಳುತ್ತೇನೆ. ಒಂದು ಎಪಿಸೋಡು ಅಂದರೆ ಜಾಹೀರಾತು ಬಿಟ್ಟು ಸುಮಾರು 22 ನಿಮಿಷ. ದಿನಕ್ಕೆ ಒಂದು ಎಪಿಸೋಡಿನಷ್ಟು ಕೆಲಸ ಆಗಲೇಬೇಕು, ಇಲ್ಲದಿದ್ದರೆ ಬ್ಯಾಂಕಿಂಗ್, ಅಂದರೆ ಮುಂಚೆಯೇ ಚಿತ್ರೀಕರಿಸಿಟ್ಟ ಎಪಿಸೋಡುಗಳು, ಖಾಲಿಯಾಗುತ್ತದೆ. ಸೀನ್ ಪೇಪರ್ ಎಷ್ಟೋ ಸಲ ಬೆಳಿಗ್ಗೆ ಕೈಗೆ ಬರುತ್ತದೆ. ಕ್ಯಾಮೆರಾ ಪಕ್ಕ ನಿಂತು ಒಬ್ಬರು ಪ್ರಾಂಪ್ಟ್ ಮಾಡುತ್ತಾರೆ, ಕಲಾವಿದರು ಕೇಳಿಸಿಕೊಂಡು ಹೇಳುತ್ತಾರೆ. ಒಂದು ಸೀನ್‌ನಲ್ಲಿ ಗಂಡ ಮನೆಗೆ ಬಂದಿದ್ದಾನೆ, ಮುಂದಿನದರಲ್ಲಿ ಅವನು ಬರುವ ಮೊದಲಿನ ದಿನ. ಎಲ್ಲಿಂದ ಎಲ್ಲಿಗೆ ಹಾರಿದರೂ ಅಳು ಯಾವ ಮಟ್ಟದಲ್ಲಿತ್ತು ಅಂತ ಅವರೇ ನೆನಪಿಟ್ಟುಕೊಳ್ಳಬೇಕು. ಮೈಯಲ್ಲಿ ನಾಟಕ ಇರುವವರಿಗೆ ಇದು ಸುಲಭ ಅಂತ ಜನ ಹೇಳುತ್ತಾರೆ. ಸುಲಭವಲ್ಲ. ನಾಟಕದಲ್ಲಿ ಮೊದಲಿಂದ ಕೊನೆಗೆ ಒಂದೇ ದಾರಿ, ಇಲ್ಲಿ ದಾರಿಯೇ ತುಂಡು ತುಂಡು.

ಅಡುಗೆಮನೆ ಕಿಟಕಿ

ನನ್ನ ಅಮ್ಮ ಇಪ್ಪತ್ತೆರಡು ವರ್ಷ ಮೆಸ್ ನಡೆಸಿದವರು. ಅಪ್ಪ ಇದ್ದೂ ಇರಲಿಲ್ಲ. ನಾವು ಇಬ್ಬರು ಹೆಣ್ಣುಮಕ್ಕಳು. ಹಾಗಾಗಿ ಪುಟ್ಟಕ್ಕ ನಮ್ಮ ಮನೆಯಲ್ಲಿ ಸೀರಿಯಲ್ ಆಗಿರಲಿಲ್ಲ.

ಅಮ್ಮ ಮೊದಲ ವಾರ ನೋಡಿ ಹೇಳಿದ್ದು ಇಷ್ಟೇ: “ಈಕೆಗೆ ಪಾತ್ರೆ ಹಿಡಿಯೋದು ಗೊತ್ತು.” ದೊಡ್ಡ ಪಾತ್ರೆ ಎತ್ತುವಾಗ ಸೊಂಟ ಹೇಗೆ ಕೊಡಬೇಕು, ಸೌಟು ಹಿಡಿದೇ ಹೇಗೆ ಮಾತಾಡಬೇಕು ಅನ್ನುವುದು ಅಮ್ಮನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬೇರೆ ಸೀರಿಯಲ್‌ಗಳಲ್ಲಿ ರೇಷ್ಮೆ ಸೀರೆ ಉಟ್ಟು ಒಲೆ ಮುಂದೆ ನಿಲ್ಲುವವರನ್ನು ನೋಡಿ ಎದ್ದು ಹೋಗುತ್ತಿದ್ದರು.

ಹೊಗಳಿಕೆ ಅಷ್ಟೇ ಅಲ್ಲ. 2024ರ ಕೊನೆಗೆ ಪುಟ್ಟಕ್ಕನ ಮಗಳು ಸ್ನೇಹಾಳನ್ನು ಸಾಯಿಸಿದರಲ್ಲ, ಅಲ್ಲಿಂದ ಅಮ್ಮ ಕೆಲವು ತಿಂಗಳು ನೋಡುವುದನ್ನೇ ಬಿಟ್ಟರು. ಕಷ್ಟಪಟ್ಟು ಓದಿಸಿದ ಮಗಳು ದೊಡ್ಡ ಅಧಿಕಾರಿಯಾದಳು ಅನ್ನುವ ಹೊತ್ತಿಗೆ ಚಿತೆ. “ನನ್ನಂಥವಳಿಗೆ ಇಷ್ಟೂ ಕೊಡಬಾರದಾ” ಅಂದರು ಅಮ್ಮ. ಕಥೆ ಎಳೆದದ್ದು, ಒಂದೇ ಗೋಳನ್ನು ವಾರಗಟ್ಟಲೆ ತೋರಿಸಿದ್ದು, ಇವೆಲ್ಲ ಇದ್ದವು. ಆದರೆ ಮಗಳ ಹೆಣದ ಮುಂದೆ ಕೂತ ಪುಟ್ಟಕ್ಕನನ್ನು ಮಾತ್ರ ಅಮ್ಮ ಪೂರ್ತಿ ನೋಡಿದರು. ನಡುವೆ ಒಮ್ಮೆಯೂ ಮಾತಾಡಲಿಲ್ಲ.

ಸಂಜೆಮಲ್ಲಿಗೆ

ಅಡುಗೆಮನೆ ಕಿಟಕಿ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇದನ್ನೆಲ್ಲ ಓದುತ್ತಾ ಒಂದು ಹೋಲಿಕೆ ತಲೆಗೆ ಬಂತು. ಪಂಡರೀಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ. 1986ರ ‘ಅನುರಾಗ ಅರಳಿತು’ವಿನಲ್ಲಿ ಅದೇ ರಾಜ್‌ಕುಮಾರ್‌ಗೆ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಲೀಲಾವತಿ ಅವರದ್ದೂ ಅದೇ ಕಥೆ. ‘ರಣಧೀರ ಕಂಠೀರವ’ದಲ್ಲಿ ನಾಯಕಿ, ‘ನಾ ನಿನ್ನ ಮರೆಯಲಾರೆ’ಯಲ್ಲಿ ತಾಯಿ. ನಾಯಕ ನಾಯಕನಾಗಿಯೇ ಉಳಿದರು, ಇವರು ಮೆಟ್ಟಿಲು ಇಳಿದರು.

ಉಮಾಶ್ರೀ ಅವರನ್ನು ಯಾರೂ ನಾಯಕಿಯ ಪೀಠಕ್ಕೆ ಹತ್ತಿಸಲೇ ಇಲ್ಲ. ಇಪ್ಪತ್ತು ಚಿಲ್ಲರೆ ವಯಸ್ಸಿಗೇ ಮುದುಕಿ, ಮೂವತ್ತೆಂಟಕ್ಕೆ ಅಜ್ಜಿ. ಹಾಗಾಗಿ ಇಳಿಯುವ ಪ್ರಶ್ನೆಯೇ ಬರಲಿಲ್ಲ. ಚೆಲುವಿನ ಮೇಲೆ ನಿಂತಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ ಅನ್ನಿಸುತ್ತದೆ. ಆದರೂ ಒಂದು ಆಸೆ ನನಗೆ. ಮೂವತ್ತು, ಮೂವತ್ತೈದರ ಉಮಾಶ್ರೀ ಅವರಿಗೆ ಆ ವಯಸ್ಸಿನದ್ದೇ ಒಂದು ಹೆಣ್ಣಿನ ಪಾತ್ರ ಸಿಗಬೇಕಿತ್ತು. ಪ್ರೀತಿಸುವ, ಸಿಟ್ಟಾಗುವ, ತಪ್ಪು ಮಾಡುವ ಸಾಮಾನ್ಯ ಹೆಣ್ಣು. ಅದನ್ನು ನಾವು ಕಳೆದುಕೊಂಡೆವು. ಆ ವಯಸ್ಸು ಮತ್ತೆ ಬರುವುದಿಲ್ಲ ಅಲ್ವಾ?

ಕಡಲತಡಿ

ಸಂಜೆಮಲ್ಲಿಗೆ, ಇದು ನಿಜವಾದ ನಷ್ಟ. ನಾನು ಇದನ್ನು ಹೀಗೆ ಯೋಚಿಸಿರಲೇ ಇಲ್ಲ.

ಒಂದು ಖುಷಿಯ ವಿಷಯ: ಅವರು ಯಕ್ಷಗಾನಕ್ಕೂ ಬಂದರು! 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಮಂಥರೆ ಪಾತ್ರ. ನಮ್ಮ ಕಡೆ ಯಕ್ಷಗಾನ ಅಂದರೆ ಮಕ್ಕಳಾಗಿದ್ದಾಗಿಂದ ಕಾಲಿಗೆ ಗೆಜ್ಜೆ ಕಟ್ಟಿದವರ ಲೋಕ. ಅರವತ್ತೇಳನೇ ವಯಸ್ಸಿನಲ್ಲಿ ಹೊರಗಿನಿಂದ ಬಂದು ಭಾಗವತರ ಪದಕ್ಕೆ ಹೆಜ್ಜೆ ಇಡುವುದಕ್ಕೆ ಧೈರ್ಯ ಬೇಕು. ನಮ್ಮ ಮಾವ ಇಂಥ ವಿಷಯದಲ್ಲಿ ಬಹಳ ಬಿಗಿ. ಅವರೂ “ಗೂನು ಬೆನ್ನಿನ ಪಾತ್ರ ಆರಿಸಿಕೊಂಡದ್ದು ಬುದ್ಧಿವಂತಿಕೆ” ಅಂದರು.

ಮೂರನೇ ಬೆಲ್

ಗೂನು ಬೆನ್ನು! ಸಾಕವ್ವನಿಗೆ ಬಗ್ಗಿಸಿದ ಬೆನ್ನು ನೆನಪಾಯಿತು.

ತೆಂಗಿನತೋಟ

ಭಾನುವಾರ ಚಿಕ್ಕಪ್ಪನ ಮಗಳನ್ನೂ ಅಮ್ಮನನ್ನೂ ಕೂರಿಸಿಕೊಂಡು ‘ಗುಲಾಬಿ ಟಾಕೀಸ್’ ಹಾಕಿದೆ. ಮೊದಲು ಅವಳಿಗೆ ನನ್ನ ಉತ್ತರ ತಪ್ಪು ಅಂತ ಹೇಳಿದೆ. ಸಂಜೆಮಲ್ಲಿಗೆ ಅಕ್ಕ ಬರೆದದ್ದನ್ನೂ ಓದಿ ಹೇಳಿದೆ, ಬಿಡಲಿಲ್ಲ.

ಹುಡುಗಿ ಮೊದಲ ಅರ್ಧ ಗಂಟೆ ಮೊಬೈಲ್ ನೋಡುತ್ತಿದ್ದಳು. ಆಮೇಲೆ ಇಲ್ಲ. ಊರ ಹೆಂಗಸರು ಗುಡಿಸಲ ಹೊರಗೆ ನಿಂತು ಟಿವಿ ಇಣುಕುವ ಜಾಗ ಬಂದಾಗ ಅಮ್ಮ ಮಾತಾಡಿದರು. ನಮ್ಮ ಬೀದಿಗೆ ಮೊದಲ ಟಿವಿ ಬಂದದ್ದು ನಮ್ಮ ಮನೆಗೆ. “ನಮ್ಮನೇಲೂ ಕೆಲವರು ಹೊರಗೇ ನಿಂತು ನೋಡ್ತಿದ್ರು. ನಾನು ಒಳಗೆ ಬನ್ನಿ ಅಂತ ಕರೀಲಿಲ್ಲ. ನಿಮ್ಮಜ್ಜಿ ಇದ್ರು” ಅಂದರು. ಆಮೇಲೆ ಸಿನಿಮಾ ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ.

ಈಗ ಹುಡುಗಿಗೆ ‘ಒಡಲಾಳ’ ಬೇಕಂತೆ. ನಾಟಕ ನೋಡಲು ಆಗುವುದಿಲ್ಲ, ಕಥೆಯನ್ನಾದರೂ ಓದಬೇಕು ಅನ್ನುತ್ತಿದ್ದಾಳೆ. ಪರೀಕ್ಷೆ ಮುಗಿಯುವವರೆಗೆ ತಡೆಯಲು ಹೇಳಿದ್ದೇನೆ.

ಮೂರನೇ ಬೆಲ್

ತಡೆಯಬೇಡಿ, ಪುಸ್ತಕ ಸಣ್ಣದು, ಒಂದು ಸಂಜೆಗೆ ಮುಗಿಯುತ್ತದೆ. ನನ್ನ ಹತ್ತಿರ ತಂದೆಯವರ ಹಳೇ ಪ್ರತಿ ಇದೆ, ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳಿವೆ. ವಿಳಾಸ ಖಾಸಗಿಯಾಗಿ ಕಳಿಸಿ, ಅಂಚೆಯಲ್ಲಿ ಹಾಕುತ್ತೇನೆ. ಓದಿದ ಮೇಲೆ ವಾಪಸ್ ಬೇಕು. ಸಾಕವ್ವನ ಮಾತುಗಳನ್ನು ಜೋರಾಗಿ ಓದಲು ಹೇಳಿ.